ಒಂದೇ ಚಿತ್ರಕ್ಕೆ ಜಾಗ

ಜೂನ್ 19, ಗುರುವಾರ. ಸುರಪುರ

…ಹೀಗೆ ಹೇಳುತ್ತಿದ್ದಾಗಲೇ ಬೆರಳು ಎಲ್ಲಿಗೋ ತಾಗಿ ಎಲ್ಲ ಅಳಿಸಿಹೋಯಿತು. ಕ್ಷಮಿಸಬೇಕು, ಮತ್ತೆ ಮೊದಲಿಂದ ಹೇಳುತ್ತೇನೆ. ಮೂರನೇ ಸಲ ಇದು. ನನ್ನ ಬಿಟ್ಟು ಇದನ್ನು ಕೇಳುವವರು ಯಾರೂ ಇಲ್ಲ. ಆದರೂ ಬಾಯಿಗೆ ಕ್ಷಮೆ ಬರುತ್ತದೆ, ರೂಢಿ.

ದಿನಾ ಏನು ಮಾಡಿದೆ ಅಂತ ಫೋನಿಗೆ ಹೇಳಿಬಿಡು, ಅದೇ ಬರೆದುಕೊಳ್ಳುತ್ತದೆ ಎಂದವನು ಮುಜಫರ. ಶಹಾಪುರದಲ್ಲಿ ನಾವಿಬ್ಬರೂ ಸೇರಿ ವರ್ಕ್‌ಶಾಪು ನಡೆಸುತ್ತೇವೆ. ದೊಡ್ಡ ಎಲ್‌ಇಡಿ ಬೋರ್ಡು ಕಟ್ಟಿ ನಿಲ್ಲಿಸುವುದು ನಮ್ಮ ಕಸುಬು. ಆದರೆ ಅವನು ಒಂದು ಮಾತು ಹೇಳಲಿಲ್ಲ. ಈ ಫೋನಿಗೆ ಪುಸ್ತಕದ ಕನ್ನಡ ಮಾತ್ರ ತಿಳಿಯುತ್ತದೆ. "ತಿಮ್ಮಣ್ಣ ಬಂದಾನ" ಅಂದರೆ "ತಿಮ್ಮಣ್ಣ ಬಂಧನ" ಎಂದು ಬರೆಯುತ್ತದೆ. ಪಾಪ, ಆ ಮನುಷ್ಯನನ್ನು ಎರಡು ಸಲ ಜೈಲಿಗೆ ಹಾಕಿತು. ಅದಕ್ಕೇ ನಾನು ರೇಡಿಯೋದವರ ಹಾಗೆ ಮಾತಾಡುತ್ತಿದ್ದೇನೆ. ಮಂದಿ ಆಡಿದ ಮಾತನ್ನು ಮಾತ್ರ ಆಮೇಲೆ ಕೂತು ಬೆರಳಿನಿಂದ ತಿದ್ದುತ್ತೇನೆ. ಅವರ ಬಾಯಿಗೆ ರೇಡಿಯೋ ಕನ್ನಡ ಹಾಕಿದರೆ ಅವರು ನನ್ನನ್ನು ಬಿಟ್ಟಾರೇ?

ವಿಷಯಕ್ಕೆ ಬರುತ್ತೇನೆ. ಕಕ್ಕೇರಾದ ಆಚೆ ಕೃಷ್ಣೆಯ ನಡುವೆ ಒಂದು ನಡುಗಡ್ಡೆ ಇದೆ, ಹುಣಸಿಗಡ್ಡಿ. ಜನ ಬರೀ ಗಡ್ಡಿ ಅನ್ನುತ್ತಾರೆ. ದಂಡೆಯಿಂದ ಅಲ್ಲಿಗೆ ಕೆಳಮಟ್ಟದ ಒಂದು ಸೇತುವೆ. ಮೇಲೆ ಅಣೆಕಟ್ಟಿನ ಗೇಟು ತೆಗೆದರೆ ಮುಳುಗುತ್ತದೆ, ಇಳಿಸಿದರೆ ಮತ್ತೆ ಕಾಣುತ್ತದೆ. ಅದರ ಎರಡೂ ತುದಿಗೆ ಹೋದ ವರ್ಷ ನಾವು ಒಂದೊಂದು ಬೋರ್ಡು ನಿಲ್ಲಿಸಿದೆವು. ಗೇಟಿನ ಕಚೇರಿಯಿಂದ ಸಿಮ್ಮಿನ ಮೂಲಕ ಸುದ್ದಿ ಬರುತ್ತದೆ, ಬೋರ್ಡು "ದಾಟಬಹುದು" ಎಂದೋ "ದಾಟಬೇಡಿ" ಎಂದೋ ತೋರಿಸುತ್ತದೆ. ಇಷ್ಟೇ ಅದರ ಕೆಲಸ.

ಮೊನ್ನೆ ಮಂಗಳವಾರ ಹಸಿರು ಅಕ್ಷರದಲ್ಲಿ "ದಾಟಬಹುದು" ಎಂದಿತ್ತು. ಗಡ್ಡಿಯ ಶಾಲೆಯಲ್ಲಿ ಬಿಸಿಯೂಟ ಮಾಡುವ ಲಾಲಮ್ಮ ಕಾಯಿಪಲ್ಯದ ಬುಟ್ಟಿ ಹೊತ್ತು ಇಳಿದಳು. ನಡುವೆ ಹೋದಾಗ ನೀರು ಬಂತು, ತೊಡೆಮಟ. ದಂಡೆಯ ಮೇಲೆ ಎಮ್ಮೆ ಮೇಯಿಸುತ್ತಿದ್ದ ತಿಮ್ಮಣ್ಣ ಓಡಿಹೋಗಿ ರಟ್ಟೆ ಹಿಡಿದು ಎಳೆದುಕೊಂಡ. ಬುಟ್ಟಿ ಹೋಯಿತು, ಅವಳು ಉಳಿದಳು. ಬೋರ್ಡು ಮಾತ್ರ ಕೊನೆಯತನಕ "ದಾಟಬಹುದು" ಎನ್ನುತ್ತಲೇ ನಿಂತಿತ್ತು.

ಅದೇ ಶಾಲೆಯಲ್ಲಿ ನನ್ನ ಹೆಂಡತಿ ಪರಿಮಳಾ ಟೀಚರು. ಹೋಗುವಾಗ ಬರುವಾಗ ಅದೇ ಸೇತುವೆ. ಅವತ್ತು ಅವಳು ಲಾಲಮ್ಮನಿಗಿಂತ ಸ್ವಲ್ಪ ಮೊದಲು ದಾಟಿದ್ದಳು, ಅಷ್ಟೇ.

"ಆ ಬೋರ್ಡು ನಿಮ್ಮದೇ ಅಲ್ರೀ?" ಎಂದಳು.

"ಕರೆಂಟಿಂದು ತ್ರಾಸು. ಎರಡು ದಿನದಾಗ ಸರಿ ಮಾಡ್ತೀನಿ" ಎಂದೆ.

ಇನ್ನೂ ಹೋಗಿ ನೋಡಿಲ್ಲ. ಆದರೂ ಇಷ್ಟು ವರ್ಷದ ಅನುಭವ, ಕರೆಂಟೇ.

ಜೂನ್ 21, ಶನಿವಾರ. ಗಡ್ಡಿಯ ದಂಡೆ

ಎರಡು ಬಸ್ಸು ಬದಲಿಸಿ, ಕಕ್ಕೇರಾದಿಂದ ಟಂಟಂ ಆಟೋ ಹಿಡಿದು ಬರುವಷ್ಟರಲ್ಲಿ ಸೊಂಟ ಹೋಯಿತು. ಬೋರ್ಡಿನ ಮುಖಕ್ಕೆ ಯಾರೋ ಗೋಣಿಚೀಲ ಕಟ್ಟಿದ್ದರು, ಹೆಣಕ್ಕೆ ಕಟ್ಟಿದ ಹಾಗೆ. ತಿಮ್ಮಣ್ಣ ಬೇವಿನ ಗಿಡದ ಕೆಳಗೆ ಕೂತಿದ್ದ. ನನಗಿಂತ ಹಿರಿಯ, ಮಾತಿನಲ್ಲಿ ಮುಳ್ಳು.

"ಬರ್ರಿ ಇಂಜಿನಿಯರ್ ಸಾಹೇಬ್ರ. ನಿಮ್ಮ ಕೂಸಿನ ಮಾರಿ ಮುಚ್ಚೇವಿ, ಹೊಟ್ಟಿಗೆ ಹಾಕ್ಕೋರಿ."

ಲಾಲಮ್ಮನೂ ಅಲ್ಲೇ ಇದ್ದಳು. ಮೊಣಕಾಲಿಗೆ ತರಚಿದ ಗಾಯ. ನನ್ನನ್ನು ಬಯ್ಯುತ್ತಾಳೆ ಅಂದುಕೊಂಡಿದ್ದೆ, ಬಯ್ಯಲಿಲ್ಲ. "ಏನ್ ಕೆಟ್ಟದ್ರಿ ಸರ್ರ ಅದರಾಗ?" ಎಂದಳು.

"ಪ್ಯಾನೆಲ್ ನಡಿಸಾಕ ಒಂದು ಡ್ರೈವರ್ ಇರ್ತದವ್ವ…"

"ಬೋರ್ಡಿಗೂ ಡ್ರೈವರ್ ಅದಾನ?"

"ಅದಾನ."

"ಅವತ್ತ ಕುಡದಿದ್ನೇನ್ರಿ?"

ತಿಮ್ಮಣ್ಣ ಬೀಡಿ ಬಾಯಿಂದ ತೆಗೆದ. "ಕುಡದಿದ್ರ ಛಲೋ ಇತ್ತಲ್ಲ ಬೇ. ಕುಡದಾಂವ ಖರೇ ಹೇಳ್ತಾನ."

ಇಬ್ಬರೂ ನಕ್ಕರು. ನಾನು ಇಡೀ ತಾಸು ವೋಲ್ಟೇಜಿನ ವಿಷಯ ತಿಳಿಸಿ ಹೇಳಿದೆ. ಕೇಳಿದರೋ ಬಿಟ್ಟರೋ, ಲಾಲಮ್ಮ ನಡುವೆಯೇ ಎದ್ದುಹೋದಳು.

ಜೂನ್ 24, ಮಂಗಳವಾರ

ಎರಡೂ ಬೋರ್ಡಿಗೆ ಸ್ಟೆಬಿಲೈಜರ್ ಕೂಡಿಸಿ ಬಂದೆ. ಗೋಣಿಚೀಲ ಬಿಚ್ಚಿಸಿದೆ. ಮುಗಿಯಿತು. ಪರಿಮಳಾಗೂ ಹೇಳಿದೆ, ಮುಗಿಯಿತು ಅಂತ.

ಜೂನ್ 28, ಶನಿವಾರ. ಸುರಪುರ

ಮುಗಿದಿಲ್ಲ.

ಇವತ್ತು ಮುಂಜಾನೆ ಗೇಟಿನ ಕಚೇರಿಯಿಂದ "ದಾಟಬೇಡಿ" ಸುದ್ದಿ ಹೋಗಿದೆ. ಅಷ್ಟರಲ್ಲಿ ಕರೆಂಟು ಹೋಗಿ ಬಂದಿದೆ. ಬಂದ ಮೇಲೆ ಬೋರ್ಡು ನಿನ್ನೆಯ "ದಾಟಬಹುದು" ಹಿಡಿದುಕೊಂಡು ಎದ್ದಿದೆ. ಪರಿಮಳಾ ಚಪ್ಪಲಿ ಕೈಯಲ್ಲಿ ಹಿಡಿದು ಇಳಿಯುತ್ತಿದ್ದಳಂತೆ, ತಿಮ್ಮಣ್ಣ ಎರಡೂ ತೋಳು ಚಾಚಿ ದಾರಿಗೆ ಅಡ್ಡ ನಿಂತನಂತೆ. ನೀರಿನ ಬಣ್ಣ ಬದಲಾಗಿದೆ, ಹೋಗಬ್ಯಾಡ್ರಿ ಅಂತ. ಆಮೇಲೆ ನೋಡಿದರೆ ಸೇತುವೆಯೇ ಕಾಣಲಿಲ್ಲ.

ಮಧ್ಯಾಹ್ನಕ್ಕೆ ಮೊದಲೇ ಮನೆಗೆ ಬಂದಳು. ಜೋರು ಮಾಡಲಿಲ್ಲ. ಬುತ್ತಿಯ ಡಬ್ಬಿಯನ್ನು ಮುಚ್ಚಳ ತೆಗೆಯದೆ ನನ್ನ ಮುಂದೆ ಇಟ್ಟಳು.

"ಸ್ಟೆಬಿಲೈಜರ್ ಹಾಕೇನಿ ಅಂದಿದ್ರಿ."

"ಮೆಮೊರಿ ಕಾರ್ಡ್ ಹಳೇದು ಇರಬೇಕು."

"ಇರಬೇಕೋ, ಅದನೋ?"

"ಅದ."

"ರೀ, ನಿಮಗ ಏನ್ ಕೇಳಿದ್ರೂ ಉತ್ತರ ತಯಾರ ಇರ್ತದ ನೋಡ್ರಿ. ಹೋದ ವರ್ಷ ನನ್ನ ಮೊಣಕಾಲಿಗೂ ಇತ್ತು. ವಾಯು ಅಂದ್ರಿ. ಮೂರು ತಿಂಗಳು ಎಣ್ಣಿ ಹಚ್ಚಿಕೊಂಡೆ."

ಡಾಕ್ಟರು ಆಮೇಲೆ ಸವೆತ ಎಂದದ್ದು ನಿಜ. ಆದರೆ ಅದರಲ್ಲಿ ವಾಯುವೂ ಸೇರಿರುತ್ತದೆ. ಹಾಗೆ ಹೇಳಿದೆ ಕೂಡ. ಅವಳು ಒಳಗೆ ಹೋದಳು. ಆ ಬುತ್ತಿಯನ್ನು ನಾನೇ ಉಂಡೆ, ಜೋಳದ ರೊಟ್ಟಿ ಆರಿ ಚಕ್ಕೆಯಾಗಿತ್ತು.

ಜುಲೈ 2, ಬುಧವಾರ. ಶಹಾಪುರ

ಸಿಕ್ಕಿತು. ಕರೆಂಟಲ್ಲ, ಕಾರ್ಡು ಹಳೆಯದೂ ಅಲ್ಲ.

ಈ ಪ್ಯಾನೆಲಿನ ಸ್ವಭಾವ ಮೊದಲು ಹೇಳುತ್ತೇನೆ, ನಾಳೆ ನಾನೇ ಮರೆತರೆ ಬೇಕಾಗುತ್ತದೆ. ಕರೆಂಟು ಹೋದರೆ ಇದು ತಾನು ಯಾರೆಂಬುದನ್ನೇ ಮರೆಯುತ್ತದೆ. ಕರೆಂಟು ಬಂದ ಕೂಡಲೇ ಡ್ರೈವರ್ ಎಂಬ ಪ್ರೋಗ್ರಾಮು ಕಾರ್ಡಿನಿಂದ ಒಂದು ಫೈಲು ತೆಗೆದು, ತೊಟ್ಟಿಲಲ್ಲಿ ಹಾಕಿದ ಕೂಸಿನ ಕಿವಿಗೆ ಹೆಸರು ಊದುವ ಹಾಗೆ ಊದಬೇಕು: ನೀನು ಬೋರ್ಡು, ನಿನಗೆ ಇಷ್ಟು ಸಾಲು, ಇಷ್ಟು ಬಣ್ಣ, ಸುದ್ದಿ ಬಂದರೆ ಹೀಗೆ ತೋರಿಸು. ಆ ಫೈಲಿಗೆ ಫರ್ಮ್‌ವೇರ್ ಎನ್ನುತ್ತಾರೆ. ಎಲ್ಲ ಮರೆತರೂ ಪ್ಯಾನೆಲಿನ ಮೂಲೆಯಲ್ಲಿ ಒಂದೇ ಒಂದು ಚಿತ್ರಕ್ಕೆ ಜಾಗ ಇರುತ್ತದೆ. ಅಲ್ಲಿ ಅದು ಕೊನೆಗೆ ತೋರಿಸಿದ್ದನ್ನು ಬಚ್ಚಿಟ್ಟುಕೊಳ್ಳುತ್ತದೆ. ಫರ್ಮ್‌ವೇರ್ ಕಿವಿಗೆ ಬೀಳುವತನಕ ಅದನ್ನೇ ತೋರಿಸುತ್ತ ನಿಲ್ಲುತ್ತದೆ.

ಈಗ ಆಗುತ್ತಿರುವುದು ಏನು. ಕರೆಂಟು ಬಂದಾಗ ಡ್ರೈವರ್ ಮೊದಲು ಏಳುತ್ತದೆ, ಕಾರ್ಡು ಆಮೇಲೆ. ಡ್ರೈವರ್ ಫೈಲು ಕೇಳುತ್ತದೆ, ಕಾರ್ಡು ಇನ್ನೂ ಕಣ್ಣು ಬಿಟ್ಟಿರುವುದಿಲ್ಲ. ಫೈಲು ಸಿಗುವುದಿಲ್ಲ. ಸಿಗದಿದ್ದರೆ ಏನು ಮಾಡಬೇಕು? ಸಿಗಲಿಲ್ಲ ಎಂದು ಮೇಲಿನವರಿಗೆ, ಅಂದರೆ ಗೇಟಿನ ಕಚೇರಿಗೆ, ಹೇಳಬೇಕು. ಈ ಪುಣ್ಯಾತ್ಮ ಏನೂ ಆಗದವನ ಹಾಗೆ ಸೊನ್ನೆ ಕಳಿಸುತ್ತಾನೆ. ಪ್ರೋಗ್ರಾಮಿನ ಭಾಷೆಯಲ್ಲಿ ಸೊನ್ನೆ ಅಂದರೆ ಎಲ್ಲ ಸರಿ ಇದೆ ಎಂದು. ಮೇಲಿನವರು ನಂಬಿ "ದಾಟಬೇಡಿ" ಕಳಿಸುತ್ತಾರೆ, ಕೆಳಗೆ ಅದನ್ನು ಓದುವವರು ಯಾರೂ ಇರುವುದಿಲ್ಲ. ಬೋರ್ಡಿನ ಮೇಲೆ ನಿನ್ನೆಯ ಚಿತ್ರ.

ಮುಜಫರನಿಗೆ ತೋರಿಸಿದೆ. ಅವನು ಚಹಾ ಹೀರುತ್ತ ಪರದೆ ನೋಡಿದ.

"ಅರೇ ಯಾರ್, ಇಂವ ನನ್ನ ಮೈದುನನಂಗ ಇದ್ದಾನಲ್ಲ. ಅಂಗಡಿಗಿ ಹೋಗಿದ್ದೇನು ಅಂದ್ರ ಹ್ಞೂಂ ಅಂತಾನ. ಸಕ್ರಿ ತಂದೇನು ಅಂದ್ರೂ ಹ್ಞೂಂ. ಕೈ ನೋಡಿದ್ರ ಖಾಲಿ."

"ಕಾರ್ಖಾನಿಯಾಂವ ಬರದ ಡ್ರೈವರ್ ಇದು. ಫೋನ್ ಹಚ್ಚಿದ್ರ ನಮ್ಮ ಕಡಿ ಬರೋಬ್ಬರಿ ನಡದದ ಅಂತಾನ."

"ಅಂವಂದೂ ಸೊನ್ನಿ ಅಂದಂಗಾತು" ಎಂದ ಮುಜಫರ. "ಬಿಡು ಅವನ್ನ. ನೀನೇ ಬರಿ."

ಜುಲೈ 5, ಶನಿವಾರ

ಶಹಾಪುರದಿಂದ ನಿಂತೇ ಬಂದೆ. ಕಂಬಿ ಹಿಡಿದುಕೊಂಡೇ ನಿದ್ದೆ ಬಂತು. ಕಂಡಕ್ಟರು ಭುಜ ತಟ್ಟಿ, "ಯಜಮಾನ್ರ, ಬೀಳ್ತೀರಿ" ಎಂದ. ಯಜಮಾನ್ರ ಅಂತೆ. ಐವತ್ತಕ್ಕೇ.

ಪರಿಮಳಾ ಆತೇನು ಎಂದಳು. ಆತು ಎಂದೆ. ಆಗಿಲ್ಲ.

ಜುಲೈ 9, ಬುಧವಾರ. ಶಹಾಪುರ

ಹೊಸ ಡ್ರೈವರ್ ನಿಂತಿತು. ಈಗ ಫೈಲು ಸಿಗದಿದ್ದರೆ ಅದು ತಾಳುತ್ತದೆ, ಮತ್ತೆ ಕೇಳುತ್ತದೆ, ಇನ್ನೂ ತಾಳುತ್ತದೆ. ಸಿಕ್ಕ ಫೈಲು ಅರ್ಧಕ್ಕೆ ಹರಿದಿದೆಯೋ ಏನೋ ಎಂದು ತೂಗಿ ನೋಡುತ್ತದೆ, ಹರಿದಿದ್ದರೆ ಊದುವುದಿಲ್ಲ. ಅದೇ ಫೈಲಿನ ಇನ್ನೊಂದು ಪ್ರತಿಯನ್ನು ಕಾರ್ಡಿನ ಹೊರಗೆ ಬೇರೆ ಜಾಗದಲ್ಲಿ ಇಟ್ಟಿದ್ದೇನೆ, ಮೊದಲನೆಯದು ಕೈಕೊಟ್ಟರೆ ಅದನ್ನು ಹುಡುಕುತ್ತದೆ. ಯಾವುದೂ ಆಗದಿದ್ದರೆ ಸೊನ್ನೆ ಕಳಿಸುವುದಿಲ್ಲ, ಆಗಲಿಲ್ಲ ಎಂದೇ ಕಳಿಸುತ್ತದೆ. ಅಷ್ಟಕ್ಕೆ ಬಿಡದೆ ಸ್ವಲ್ಪ ಹೊತ್ತಿಗೊಮ್ಮೆ ಮತ್ತೆ ಮೊದಲಿಂದ ಪ್ರಯತ್ನ ಮಾಡುತ್ತದೆ. ಹದಿನೇಳು ಸಲ ಕರೆಂಟು ಕಿತ್ತು ಹಾಕಿ ನೋಡಿದೆವು. ಮುಜಫರನ ಬೆರಳು ಸ್ವಿಚ್ಚಿಗೆ ಅಂಟಿಕೊಂಡಿತು.

ಉಳಿದದ್ದು ಮೂಲೆಯ ಚಿತ್ರ. ನಿನ್ನೆಯದನ್ನು ಬಚ್ಚಿಟ್ಟುಕೊಳ್ಳುವ ಚಾಳಿ ಬಿಡಿಸಿದೆ. ಆ ಜಾಗದಲ್ಲಿ ನಾವೇ ಒಂದು ಚಿತ್ರವನ್ನು ಕಾಯಂ ಇಡಬೇಕು. ಫರ್ಮ್‌ವೇರ್ ಇಲ್ಲದ ಹೊತ್ತಿನಲ್ಲಿ ಅದೇ ಕಾಣುತ್ತದೆ. ಖಾಲಿ ಬಿಡೋಣ ಎಂದ ಮುಜಫರ. ಖಾಲಿ ಬೋರ್ಡು ಕಂಡರೆ ಜನ ಕರೆಂಟಿಲ್ಲ ಅಂದುಕೊಂಡು ಇಳಿದುಬಿಡುತ್ತಾರೆ. ನಾನು "ದೋಷ" ಎಂದು ಹಾಕಿದೆ. ಕಂಪ್ಯೂಟರಿನಲ್ಲಿ ಎಲ್ಲ ಕಡೆ ಹಾಗೇ ಇರುತ್ತದೆ. ಕೆಂಪಕ್ಷರ, ಚೆನ್ನಾಗಿ ಕಾಣುತ್ತದೆ. ನಾಳೆಯೇ ಎರಡೂ ಬೋರ್ಡಿಗೆ ಹಾಕಿ ಬರುತ್ತೇನೆ.

ಜುಲೈ 12, ಶನಿವಾರ. ಗಡ್ಡಿಯ ದಂಡೆ

ನಗಬೇಕೋ ಅಳಬೇಕೋ.

ಬೋರ್ಡಿನ ಕಂಬಕ್ಕೆ ಲಿಂಬೆಹಣ್ಣು, ಮೆಣಸಿನಕಾಯಿ. ಬುಡದಲ್ಲಿ ಒಡೆದ ತೆಂಗಿನಕಾಯಿ, ಕುಂಕುಮ. ಗಡ್ಡಿಯ ಹಿರಿಯಳು ಗೊಲ್ಲಾಳಮ್ಮ ತಲೆಯ ಮೇಲೆ ಸೆರಗು ಹೊದ್ದು, ಬೋರ್ಡಿಗೆ ಕೈಮುಗಿದು ನಿಂತಿದ್ದಾಳೆ.

ನಿನ್ನೆ ಕರೆಂಟು ಹೋಗಿ ಬಂದಾಗ ಕೆಂಪಗೆ "ದೋಷ" ಎಂದು ಬಂದಿದೆ. ಹುಡುಗರು ಓದಿ ಹೇಳಿದ್ದಾರೆ. ಆಗಿಂದ ಗಡ್ಡಿಯಲ್ಲಿ ಒಂದೇ ಮಾತು, ಊರಿಗೆ ದೋಷ ಬಂದಿದೆ, ಲಾಲಮ್ಮನನ್ನು ಹೊಳೆ ಎಳೆದದ್ದೂ ಅದಕ್ಕೇ. ದೋಷ ಕಳೆಯಲು ದೇವಾಪುರದ ಯಾರನ್ನೋ ಕರೆಸಬೇಕು ಅಂತ ಮನೆಮನೆಗೆ ಪಟ್ಟಿ ದುಡ್ಡು ಎತ್ತಲು ಶುರು ಮಾಡಿದ್ದಾರೆ.

"ಆಯಿ, ಅದು ಮಷಿನ್ನಿನ ದೋಷ. ಊರಿಂದಲ್ಲ" ಎಂದೆ.

"ಮಷಿನ್ನಿಗಿ ಹ್ಯಾಂಗ ಬರ್ತದೋ ತಮ್ಮಾ ದೋಷ? ಅದೇನ್ ಮೂಲಾ ನಕ್ಷತ್ರದಾಗ ಹುಟ್ಟ್ಯಾದೇನು?"

ತಿಮ್ಮಣ್ಣ ಬೀಡಿ ಹಚ್ಚಿದ. "ನಿಮ್ಮೂರಿಗಿ ದೋಷ ಅದಂತ ಸರಕಾರನೇ ಲೈಟ್ ಹಾಕಿ ಬರದ್ರ, ನಾವು ಸುಮ್ಮ ಕುಂದ್ರೂದೇನ್ರಿ? ಇಷ್ಟು ಖರ್ಚ್ ಮಾಡಿ ಹೇಳ್ಯಾರಂದ್ರ ದೊಡ್ಡದೇ ಇರಬೇಕು."

ಪರಿಮಳಾ ಶಾಲೆಯಿಂದ ಬಂದವಳು ನನ್ನ ಮುಖ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಸ್ಸಿನಲ್ಲಿ ಬರುವಾಗಲೂ ನಗು. ನನಗೆ ನಗು ಬರಲಿಲ್ಲ. ಆದರೆ ಅವಳು ನಕ್ಕದ್ದು ಬಹಳ ದಿನದ ಮೇಲೆ.

ಜುಲೈ 15, ಮಂಗಳವಾರ

ಚಿತ್ರ ಬದಲಿಸಿದೆ. ಫರ್ಮ್‌ವೇರ್ ಸಿಗದಿದ್ದರೆ ಈಗ "ದಾಟಬೇಡಿ" ಎಂದು ಕಾಣುತ್ತದೆ. ತಿಳಿಯದಿದ್ದಾಗ ತಡೆಯುವುದೇ ಕ್ಷೇಮ. ಇದಕ್ಕೆ ಯಾರೂ ಎದುರಾಡುವಂತಿಲ್ಲ.

ಜುಲೈ 19, ಶನಿವಾರ

ಎದುರಾಡಿದರು.

ಗಡ್ಡಿಯ ಕಡೆ ದಿನಕ್ಕೆ ಎಷ್ಟು ಸಲ ಕರೆಂಟು ಹೋಗಿ ಬರುತ್ತದೆ ಎಂದು ನಾನು ವರ್ಕ್‌ಶಾಪಿನಲ್ಲಿ ಕೂತು ಲೆಕ್ಕ ಹಾಕಲಿಲ್ಲ. ಅಲ್ಲಿಯ ಚಳಿ ಹಿಡಿದವರ ಹಾಗೆ ನಡುಗುವ ಕರೆಂಟಿಗೆ ಕಾರ್ಡು ಏಳುವುದೂ ನಿಧಾನ. ಪ್ರತಿ ಸಲವೂ ಸ್ವಲ್ಪ ಹೊತ್ತು "ದಾಟಬೇಡಿ." ಕೆಳಗೆ ನೋಡಿದರೆ ಸೇತುವೆ ಒಣಗಿ ಬೆಳ್ಳಗೆ ಬಿದ್ದಿದೆ, ನಾಯಿ ಮಲಗಿದೆ. ಜನ ಒಂದು ದಿನ ನಿಂತರು, ಎರಡು ದಿನ ನಿಂತರು. ಇವತ್ತು ನಾನು ದಂಡೆಗೆ ಬರುವಾಗ ಲಾಲಮ್ಮ "ದಾಟಬೇಡಿ" ಎಂಬ ಕೆಂಪು ಬೆಳಕಿನ ಕೆಳಗೇ ಆರಾಮಾಗಿ ನಡೆದುಹೋಗುತ್ತಿದ್ದಳು, ಬುಟ್ಟಿ ಹೊತ್ತು. ಹಿಂದೆ ಪರಿಮಳಾ.

ನನಗೆ ಸಿಟ್ಟು ನೆತ್ತಿಗೇರಿತು. ಕೂಗಿದೆ.

"ಓದಾಕ ಬರ್ತದೋ ಇಲ್ಲೋ ನಿಮಗ? ಮೊನ್ನಿ ಮುಳುಗಿದ್ದು ಸಾಲಲಿಲ್ಲೇನು?"

ಲಾಲಮ್ಮ ಬುಟ್ಟಿ ಇಳಿಸಲೂ ಇಲ್ಲ. "ಒಣಾ ನೆಲದ ಮ್ಯಾಲ ನಿಂತು ದಾಟಬ್ಯಾಡ ದಾಟಬ್ಯಾಡ ಅಂದ್ರ ಯಾರ್ ಕೇಳ್ತಾರ್ರಿ? ಅವತ್ತ ಬಾ ಅಂದು ಮುಳುಗಿಸ್ತು. ಇವತ್ತ ಬರಬ್ಯಾಡ ಅಂತದ. ಅದೂ ಸುಳ್ಳು, ಇದೂ ಸುಳ್ಳು. ಅಕ್ಕಿ ಕುದಿಯಾಕ ಬಿಡ್ರಿ, ಹುಡುಗರು ಹಸದಾವ."

"ಸುಳ್ಳಲ್ಲ! ಅದಕ್ಕ ಗೊತ್ತಿರಂಗಿಲ್ಲ ಆಗ. ಗೊತ್ತಿಲ್ಲಂತೇ ಹಂಗ ತೋರಸ್ತದ!"

"ಹೌದ್ರಿ? ಮತ್ತ ಹಂಗಂತ ಎಲ್ಲಿ ಬರದೀರಿ?"

ಪರಿಮಳಾ ನಡುವೆ ಬಂದು, "ಸಾಕು ನಡೀ ಲಾಲಮ್ಮ" ಎಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಇಬ್ಬರೂ ಹೋದರು. ನಾನು ನನ್ನ ಬೋರ್ಡಿನ ಕೆಳಗೆ ನಿಂತು, ಅವರು ಆ ದಂಡೆ ಮುಟ್ಟುವತನಕ ನೀರನ್ನೇ ನೋಡಿದೆ. ಅದಕ್ಕೆ ಮೊದಲು ಆ ನೀರನ್ನು ಅಷ್ಟು ಹೊತ್ತು ನೋಡಿದವನಲ್ಲ. ಮೇಲಿನ ಕಡೆ ತಿಳಿಯಾಗಿತ್ತು. ಕಸಕಡ್ಡಿ ಇರಲಿಲ್ಲ.

ನಾಳೆಯೋ ನಾಡಿದ್ದೋ ಖರೇ "ದಾಟಬೇಡಿ" ಬಂದಾಗ ಇವರು ಹೀಗೇ ನಡೆದುಬಿಡುತ್ತಾರೆ. ಬೋರ್ಡು ಇಲ್ಲದಿದ್ದರೆ ಎಷ್ಟು ಅಪಾಯವಿತ್ತೋ ಈಗ ಅದಕ್ಕಿಂತ ಹೆಚ್ಚು.

ಜುಲೈ 22, ಮಂಗಳವಾರ. ಯಾದಗಿರಿ

ಮಳೆಗಾಲದಲ್ಲೂ ಯಾದಗಿರಿ ಕುದಿಯುತ್ತದೆ. ಬೋರ್ಡಿನ ಕೆಲಸ ಕೊಟ್ಟ ಕಚೇರಿಯ ಬೆಂಚಿನ ಮೇಲೆ ಮಧ್ಯಾಹ್ನದತನಕ ಕೂತೆ. ಸಾಹೇಬರು ದಕ್ಷಿಣದ ಕಡೆಯವರು, ಮಾತು ಮೃದು.

ಅವರಿಗೆ ಹೇಳಿದೆ: ಮೂಲೆಯ ಚಿತ್ರದಲ್ಲಿ ಎರಡು ಸಾಲು ಹಿಡಿಯುತ್ತದೆ. ಮೇಲೆ "ಗೊತ್ತಿಲ್ಲ", ಕೆಳಗೆ "ಕೇಳಿ ಹೋಗ್ರಿ". ಹಸಿರೂ ಅಲ್ಲ, ಕೆಂಪೂ ಅಲ್ಲ, ಹಳದಿ. ಗೇಟಿನ ಕಚೇರಿಯ ಫೋನ್ ನಂಬರನ್ನು ಕಂಬದ ಮೇಲೆ ಬಣ್ಣದಲ್ಲಿ ಬರೆಸುತ್ತೇವೆ.

ಸಾಹೇಬರು ಕನ್ನಡಕ ತೆಗೆದರು. "ಏನ್ರೀ ಕಾಂತೇಶ್, ಸರ್ಕಾರದ ಬೋರ್ಡು 'ಗೊತ್ತಿಲ್ಲ' ಅನ್ನೋದಾ? ಯಾರಾದ್ರೂ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದ್ರೆ ನನ್ನ ಗತಿ? 'ನಿರೀಕ್ಷಿಸಿ' ಅಂತ ಹಾಕಿ. ಗೌರವವಾಗಿರುತ್ತೆ."

"ನಿರೀಕ್ಷಿಸಿ ಅಂದ್ರ ಯಾರನ್ನ ಅಂತಾರ್ರಿ ಮಂದಿ. ಮಂತ್ರಿ ಬರ್ತಾರೇನೋ ಅಂತ ಹಾರ ಹಿಡಕೊಂಡು ನಿಂದಿರ್ತಾರ."

ಅವರಿಗೆ ನಗು ಬಂತು, ತಡೆದುಕೊಂಡರು. ಬೇರೆ ದಿನವಾಗಿದ್ದರೆ ನಾನು ಇನ್ನೂ ಅರ್ಧ ತಾಸು ಮಾತಾಡುತ್ತಿದ್ದೆ. ಇವತ್ತು ಮೈಯಲ್ಲಿ ಕಸುವಿರಲಿಲ್ಲ, ಚೀಲ ಎತ್ತಿಕೊಂಡು ಏಳಲು ನೋಡಿದೆ.

ಅವರೇ ಕೇಳಿದರು: "ನಿಮ್ಮ ಮನೆಯವರು ಅದೇ ಸೇತುವೆ ಮೇಲೆ ಹೋಗ್ತಾರಂತೆ, ಹೌದಾ?"

"ಹೌದ್ರಿ."

"ನಾನು ಬರೆದು ಏನೂ ಕೊಡಲ್ಲ. ಬೇಡ ಅಂತಾನೂ ಬರೆಯಲ್ಲ. ಹೋಗಿ ಬನ್ನಿ."

ಹೊರಗೆ ಬಂದು ಮುಜಫರನಿಗೆ ಫೋನು ಹಚ್ಚಿ ಇದರ ಅರ್ಥ ಏನು ಎಂದು ಕೇಳಿದೆ. "ಹಾಕು ಅಂತ ಅರ್ಥ. ಬೈಸ್ಕೊಳ್ಳಾಕ ನಾವಿಬ್ರು ಅದೀವಿ" ಎಂದ.

ಜುಲೈ 25, ಶುಕ್ರವಾರ

ಹಾಕಿದೆವು, ಎರಡೂ ಕಡೆ. ಪೇಂಟರ್ ಖಾಜಾಹುಸೇನ ಕಂಬದ ಮೇಲೆ ನಂಬರು ಬರೆದ. ಅಕ್ಷರಕ್ಕೆ ನೆರಳು ಕೊಡಲೇನು ಎಂದ, ಲಗ್ನಪತ್ರಿಕೆಗೆ ಕೊಡುವ ಹಾಗೆ. ಬೇಡಪ್ಪಾ ಎಂದೆ.

ಪರೀಕ್ಷೆಗೆ ಕರೆಂಟು ಕಿತ್ತು ಹಾಕಿದೆ. ಹಳದಿಯಲ್ಲಿ ಬಂತು. ತಿಮ್ಮಣ್ಣ ಹುಡುಗನೊಬ್ಬನಿಂದ ಓದಿಸಿಕೊಂಡ. ಇನ್ನೊಮ್ಮೆ ಓದು ಎಂದ.

"ಎಪ್ಪತ್ತು ವರ್ಷಕ್ಕ ಮೊದಲನೇ ಸಲ ನೋಡಾಕತ್ತೀನಿ. ಸರಕಾರ ಗೊತ್ತಿಲ್ಲ ಅನ್ನೋದು." ಆಮೇಲೆ, "ಇರಲಿ. ಮರ್ಯಾದಿಯಿಂದ ಹೇಳ್ಯಾದ."

ಒಬ್ಬಳು ಹೆಣ್ಣುಮಗಳು ಸೇತುವೆಗೆ ಇಳಿಯುವವಳು ತಲೆ ಎತ್ತಿ ಓದಿದಳು, ನಿಂತಳು, ಮೇಲಿನ ಕಡೆ ಹೊಳೆಯನ್ನು ನೋಡಿದಳು. ಅಷ್ಟರಲ್ಲಿ ಫೈಲು ಸಿಕ್ಕಿ ಬೋರ್ಡು "ದಾಟಬಹುದು" ಎಂದಿತು. ಹೋದಳು.

ಜುಲೈ 27, ಭಾನುವಾರ. ಸುರಪುರ

ಮನೆಯಲ್ಲೇ ಇದ್ದೆ. ಪರಿಮಳಾ ಮೊಣಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದಳು. ದೊಡ್ಡ ಹೊಳೆ ಬಂದಾಗ ನಿಮ್ಮ ಡ್ರೈವರ್ ತಡೀತದೇನು ಎಂದಳು. ನೋಡಬೇಕು ಎಂದೆ. ಯಾವ ಡಾಕ್ಟರಿಗೆ ತೋರಿಸೋಣ ಎಂದು ಕೇಳಿದೆ. ಅವಳು ಹೇಳಿದಳು. ಹೋಗೋಣ ಎಂದೆ. ಬೇರೆ ಏನೂ ವಿಶೇಷವಿಲ್ಲ.

ಜುಲೈ 30, ಬುಧವಾರ. ಸುರಪುರ

ರಾತ್ರಿ. ನಾನೊಬ್ಬನೇ ಇದ್ದೇನೆ. ಕ್ರಮವಾಗಿ ಹೇಳಲು ನೋಡುತ್ತೇನೆ.

ಶಾಲೆ ಬಿಡುವ ಹೊತ್ತಿಗೆ ಗಾಳಿ ಎದ್ದಿದೆ, ಗಡ್ಡಿಯ ಕಡೆ ಕರೆಂಟು ಹೋಗಿ ಬಂದಿದೆ. ನಾನು ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿದ್ದೆ. ಪರಿಮಳಾ ಫೋನು ಬಂತು. ಅವಳೂ ಲಾಲಮ್ಮನೂ ಗಡ್ಡಿಯ ತುದಿಯಲ್ಲಿ, ಬೋರ್ಡಿನ ಕೆಳಗೆ ನಿಂತಿದ್ದರು.

"ರೀ, ನಿಮ್ಮ ಬೋರ್ಡು ಗೊತ್ತಿಲ್ಲ ಅನ್ನಾಕತ್ತದ. ಕಂಬದ ಮ್ಯಾಲಿನ ನಂಬರಿಗೆ ಹಚ್ಚಿದೆ, ಯಾರೂ ಎತ್ತವಲ್ರು."

"ನೀರು ಹ್ಯಾಂಗದ?"

"ಬ್ರಿಜ್ ಒಣಗಿ ಬಿದ್ದದ. ನಾಕ ಹೆಜ್ಜಿ ದಾರಿ. ಕಡೀ ಬಸ್ ತಪ್ಪಿದ್ರ ರಾತ್ರಿ ಇಲ್ಲೇ. ದಾಟಲೇನು?"

ಬಸ್‌ಸ್ಟ್ಯಾಂಡಿನಲ್ಲಿ ಗದ್ದಲ. ಬಸ್ಸಿನವ ಸುರಪುರ ಸುರಪುರ ಎಂದು ಕೂಗುತ್ತಿದ್ದ. ಬೋರ್ಡಿಗೆ ಇನ್ನೂ ಯಾಕೆ ಫೈಲು ಸಿಕ್ಕಿಲ್ಲ? ಗೇಟಿನವರು ಫೋನು ಯಾಕೆ ಎತ್ತುತ್ತಿಲ್ಲ? ಚಹಾಕ್ಕೆ ಹೋಗಿದ್ದಾರೋ, ಗೇಟಿನ ಹತ್ತಿರವೇ ಇದ್ದಾರೋ?

"ನನಗ ಗೊತ್ತಿಲ್ಲ ಪರಿಮಳಾ" ಎಂದೆ. "ಖರೇನೇ ಗೊತ್ತಿಲ್ಲ. ಇಳೀಬ್ಯಾಡ. ನಾ ಕೇಳಿ ಹೇಳ್ತೀನಿ."

ಆ ಕಡೆ ಅವಳು ನಕ್ಕಳು. ಅಂಥ ಹೊತ್ತಿನಲ್ಲಿ ನಗುವಂಥದ್ದು ನಾನೇನು ಹೇಳಿದೆನೋ. ಲಾಲಮ್ಮನಿಗೆ ಏನೋ ಹೇಳಿದಳು, ಅವಳೂ ನಕ್ಕಳು. "ಆತ್ರಿ, ನಿಂದಿರ್ತೀವಿ" ಎಂದಳು.

ಗೇಟಿನ ಕಚೇರಿಗೆ ನಾನೂ ಹಚ್ಚಿದೆ. ಎತ್ತಲಿಲ್ಲ. ಯಾದಗಿರಿಯ ಸಾಹೇಬರಿಗೆ ಹಚ್ಚಿದೆ. ಅವರು ತಡಿರಿ ಎಂದು ಇನ್ನೊಂದು ಫೋನಿನಲ್ಲಿ ಯಾರನ್ನೋ ಹಿಡಿದರು. ಅಷ್ಟರಲ್ಲಿ ತಿಮ್ಮಣ್ಣನ ಫೋನು. ಈ ದಂಡೆಯಿಂದ ಕೂಗುತ್ತಿದ್ದ, ಗಾಳಿಯ ಸದ್ದಿನಲ್ಲಿ ಅರ್ಧ ಕೇಳಿಸಿತು.

"ಬಂತ್ರೀ… ಮಣ್ಣುನೀರು… ನಾಯಿ ಎದ್ದು ಓಡ್ತು ನೋಡ್ರಿ ಮೊದಲ…"

"ಪರಿಮಳಾ? ಲಾಲಮ್ಮ?"

"ಆ ದಂಡ್ಯಾಗ ಗಿಡದ ಬುಡಕ ಕುಂತಾರ! ಇಬ್ರೂ! ನಿಮ್ಮ ಟೀಚರ್ರು ನನಗೇ ಕೈ ಮಾಡಾಕತ್ತಾರ, ನೀ ಇಳೀಬ್ಯಾಡ ಅಂತ!"

ನಾನು ಸುರಪುರದ ಬಸ್ಸು ಬಿಟ್ಟೆ. ಬಿಟ್ಟೆ ಅಂತ ತಿಳಿದದ್ದು ಬಸ್ಸು ಹೋದಮೇಲೆ. ಹೋಟೆಲಿನ ಕಟ್ಟೆಯ ಮೇಲೆ ಕೂತೆ. ಹುಡುಗ ನೀರು ತಂದುಕೊಟ್ಟ. ಮುಂದಿನ ಬಸ್ಸಿಗೆ ಮನೆಗೆ ಬಂದೆ.

ಸಾಹೇಬರು ಆಮೇಲೆ ಫೋನು ಮಾಡಿ, ಮೇಲಿಂದ ಒಮ್ಮೆಲೇ ನೀರು ಬಂದು ಗೇಟು ತೆಗೆದರಂತೆ, ಎಲ್ಲರೂ ಗೇಟಿನ ಮೇಲೆ ಇದ್ದರಂತೆ ಎಂದರು. ಬೋರ್ಡಿಗೆ ಇನ್ನೊಂದು ಜಾಗದ ಪ್ರತಿ ಸಿಕ್ಕಿ "ದಾಟಬೇಡಿ" ಬಂದದ್ದು ಸೇತುವೆ ಮುಳುಗಿದ ಮೇಲೆ. ಕಾರ್ಡು ಪೂರ್ತಿ ಸತ್ತಿರಬೇಕು. ಆದರೂ ಎರಡನೆಯ ಪ್ರತಿಗೆ ಅಷ್ಟು ಹೊತ್ತು ಯಾಕೆ ಹಿಡಿಯಿತು? ಅದು ನನಗೆ ತಿಳಿಯುತ್ತಿಲ್ಲ. ಬೋರ್ಡು ತಾನೇ ಬರೆದಿಡುವ ಲಾಗು ತೆಗೆದು ಮುಜಫರನ ಜೊತೆ ಕೂತು ನೋಡಬೇಕು, ಅವನಿಗೇನಾದರೂ ಹೊಳೆಯಬಹುದು. ಹಳದಿ ಬೋರ್ಡಿನ ಫೋಟೋ ಎರಡು ಗ್ರೂಪಿನಲ್ಲಿ ಬಂದಿದೆ. ಸಾಹೇಬರು ಅದರ ಬಗ್ಗೆ ಏನೂ ಅನ್ನಲಿಲ್ಲ. ಬಯ್ಯುವುದು ನಾಳೆಗೆ ಇಟ್ಟಿದ್ದಾರೇನೋ.

ಇವತ್ತು ಅವಳು ಗಡ್ಡಿಯಲ್ಲೇ, ಲಾಲಮ್ಮನ ಪರಿಚಯದವರ ಮನೆಯಲ್ಲಿ. ಒಂದೇ ನಿಮಿಷ ಫೋನು ಸಿಕ್ಕಾಗ ಅಷ್ಟು ಹೇಳಿದಳು. ಹೊಳೆ ಯಾವಾಗ ಇಳಿಯುತ್ತದೆ ಎಂದು ಯಾರನ್ನು ಕೇಳಿದರೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮೊಣಕಾಲಿನ ಗುಳಿಗೆ ಇಲ್ಲೇ ಉಳಿದಿದೆ, ಕಿಟಕಿಯ ಮೇಲೆ. ಅನ್ನಕ್ಕೆ ಇಟ್ಟಿದ್ದೇನೆ, ನೀರು ಎಷ್ಟು ಹಾಕಬೇಕು ಅಂತ ಕೇಳಬೇಕಿತ್ತು. ಅಲ್ಲಿ ರೊಟ್ಟಿ ಸಿಕ್ಕಿತೋ, ಹಾಸಿಗೆ ಕೊಟ್ಟರೋ, ಆ ಹೊತ್ತಿನಲ್ಲಿ ಅವಳಿಗೆ ಹೆದರಿಕೆ ಆಯಿತೋ ಇಲ್ಲವೋ, ಒಂದೂ ಕೇಳಲಿಲ್ಲ ನಾನು. ಅಲ್ಲಿ ಸಿಗ್ನಲ್ಲು ಬಂದಾಗ ಫೋನು ಮಾಡುತ್ತೇನೆ ಅಂದಿದ್ದಳು, ಇಷ್ಟು ಹೊತ್ತಾದರೂ…

ಬಂತು. ಅವಳದೇ. ಇದನ್ನು ಇಲ್ಲಿಗೇ ಇಡುತ್ತೇನೆ, ಅವಳು ಹೇಳಲಿ.